ಕಳೆದುಹೋಯಿತೋ, ಕಳುವಾಯಿತೋ? ಅಪರಾಧದ ಅಂಕಿಅಂಶ ಓದುವ ಬಗೆ



ಕಳೆದ ಮಳೆಗಾಲದ ಒಂದು ಸೋಮವಾರ ನಾನು ಮತ್ತು ಅಬ್ಬಾ ಗುಬ್ಬಿಯಿಂದ ತುಮಕೂರಿಗೆ ಒಂದೇ ಬಸ್ಸಿನಲ್ಲಿ ಬಂದೆವು. ಸೋಮವಾರದ ಬಸ್ಸು ಹೇಗಿರುತ್ತದೆ ಎಂದು ಆ ಕಡೆಯಿಂದ ಬರುವ ನಿಮಗೆ ಹೇಳಬೇಕಿಲ್ಲ. ನಿಲ್ಲಲೂ ಜಾಗ ಇರಲಿಲ್ಲ. ನಿಲ್ದಾಣದಲ್ಲಿ ಇಳಿದು ಅಬ್ಬಾ ಚೀಲಕ್ಕೆ ಕೈ ಹಾಕಿದರೆ ಫೋನ್ ಇಲ್ಲ. ಚೀಲದ ಪಕ್ಕ ಬ್ಲೇಡಿನಿಂದ ಕೊಯ್ದ ಗುರುತು ನೇರವಾಗಿ, ಗೆರೆ ಎಳೆದ ಹಾಗೆ ಇತ್ತು. ಹನ್ನೆರಡು ಸಾವಿರದ ಫೋನು, ಕಂತು ಇನ್ನೂ ಮುಗಿದಿರಲಿಲ್ಲ.

ದೂರು ಕೊಡಲು ಹೋದಾಗ ಅಲ್ಲಿದ್ದವರು ಸಿಟ್ಟು ಮಾಡಲಿಲ್ಲ, ಕೂರಿಸಿಯೇ ಮಾತಾಡಿದರು. "ಕಳುವಾಗಿದೆ ಅಂತ ಬರೆದರೆ ಕೇಸ್ ಆಗುತ್ತೆ, ನೀವು ಕೋರ್ಟಿಗೆ ಅಲೆಯಬೇಕಾಗುತ್ತೆ. ಕಳೆದುಹೋಗಿದೆ ಅಂತ ಬರೆದುಕೊಡಿ. ಸಿಮ್ ಸಿಗುತ್ತೆ, ಫೋನೂ ಬ್ಲಾಕ್ ಆಗುತ್ತೆ" ಎಂದರು. ಅಬ್ಬಾಗೆ ಅಂಗಡಿಗೆ ಹೊತ್ತಾಗಿತ್ತು, ನನಗೆ ಕಾಲೇಜಿಗೆ. ಹಾಗೇ ಬರೆದುಕೊಟ್ಟು ಬಂದೆವು. ಅದೇ ದಿನ ಹೊಸ ಸಿಮ್ ಸಿಕ್ಕಿತು.

ಕೆಲವು ತಿಂಗಳ ಮೇಲೆ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಮಾಮು ಒಂದು ಸುದ್ದಿ ಕಳಿಸಿದರು: ಸೈಬರ್ ಅಪರಾಧದಲ್ಲಿ ಕರ್ನಾಟಕ ದೇಶಕ್ಕೇ ಮೊದಲು. ಕೆಳಗೆ ಅವರದೇ ಒಂದು ಸಾಲು: "ನಮ್ಮ ರಾಜ್ಯ ಹಾಳಾಗಿ ಹೋಯ್ತು." ಅಬ್ಬಾ ಅದನ್ನು ಓದಿ ನನ್ನನ್ನು ಕೇಳಿದರು: "ನೀನು ಸಂಖ್ಯಾಶಾಸ್ತ್ರ ಓದ್ತೀಯಲ್ಲ, ಸರ್ಕಾರದ ಈ ಲೆಕ್ಕದಲ್ಲಿ ನನ್ನ ಫೋನ್ ಎಲ್ಲಿದೆ ಹೇಳು?"

ಅಬ್ಬಾ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಪ್ರತಿ ಅಂಕಿಯೂ ಯಾವ ಚೀಟಿಯಿಂದ ಬಂತು ಎಂದು ಕೇಳುವುದು ಅವರ ಅಭ್ಯಾಸ. ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ನಮ್ಮ ಸಂಖ್ಯಾಶಾಸ್ತ್ರ ಮೇಡಂ ಬಳಿ ಕೇಳಿದೆ. ಅವರು "ನೀನೇ ಹುಡುಕಿ ಬರೆ" ಎಂದರು. ಹುಡುಕಿದಾಗ ತಿಳಿದದ್ದು ಈ ಲೇಖನ.

ಎಣಿಸುವವರು ಯಾರು, ಎಣಿಸುವುದು ಏನನ್ನು?

ದೇಶದ ಅಪರಾಧದ ಲೆಕ್ಕ ಇಡುವ ಸಂಸ್ಥೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಪತ್ರಿಕೆಗಳಲ್ಲಿ ಎನ್‌ಸಿಆರ್‌ಬಿ ಎಂದು ಬರುತ್ತದಲ್ಲ, ಅದೇ. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ 1986ರಲ್ಲಿ ಶುರುವಾಯಿತು. ಅದು ಪ್ರತಿ ವರ್ಷ 'ಕ್ರೈಮ್ ಇನ್ ಇಂಡಿಯಾ' ಎಂಬ ವರದಿ ಹೊರತರುತ್ತದೆ. ಈ ವರದಿಯ ಸಾಲು ಬ್ಯೂರೊಗಿಂತಲೂ ಹಳೆಯದು, ಮೊದಲನೆಯದು 1953ರ ಲೆಕ್ಕದ್ದು.

ಬ್ಯೂರೊದವರು ಮನೆ ಮನೆಗೆ ಬಂದು "ನಿಮ್ಮಲ್ಲಿ ಏನಾದರೂ ಕಳುವಾಗಿದೆಯೇ" ಎಂದು ಕೇಳುವುದಿಲ್ಲ. ಪೊಲೀಸ್ ಠಾಣೆಯಲ್ಲಿ ದಾಖಲಾದ ಪ್ರಕರಣ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯದ ಅಪರಾಧ ದಾಖಲೆಗಳ ಬ್ಯೂರೊಗೆ, ಅಲ್ಲಿಂದ ದೆಹಲಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ 10 ತಾಲ್ಲೂಕುಗಳ ಠಾಣೆಗಳ ಲೆಕ್ಕವೂ ಹೀಗೇ ಹೋಗಿ ರಾಜ್ಯದ ಮೊತ್ತದಲ್ಲಿ ಸೇರುತ್ತದೆ. ಅಂದರೆ ವರದಿಯಲ್ಲಿ ಎಣಿಸಿರುವುದು ನಡೆದ ಅಪರಾಧಗಳನ್ನಲ್ಲ, ಠಾಣೆಯಲ್ಲಿ ಬರೆದ ಎಫ್‌ಐಆರ್‌ಗಳನ್ನು.

ಬರೆದದ್ದೆಲ್ಲವೂ ಆ ಮೊತ್ತಕ್ಕೆ ಸೇರುವುದಿಲ್ಲ. ಅಪರಾಧಗಳಲ್ಲಿ ಎರಡು ಬಗೆ. ಕೊಲೆ, ದರೋಡೆಯಂಥವುಗಳಲ್ಲಿ ಪೊಲೀಸರು ನ್ಯಾಯಾಲಯದ ಅನುಮತಿಗೆ ಕಾಯದೆ ತನಿಖೆ ಮಾಡಬಹುದು. ಇವು ಸಂಜ್ಞೇಯ ಅಪರಾಧಗಳು, ಇವಕ್ಕೆ ಎಫ್‌ಐಆರ್ ಆಗುತ್ತದೆ. ಸಣ್ಣ ಪುಟ್ಟ ಜಗಳದಂಥವು ಅಸಂಜ್ಞೇಯ. ಅವುಗಳಿಗೆ ಎನ್‌ಸಿಆರ್ ಎಂದು ಬರೆದು ಒಂದು ಹಿಂಬರಹ ಕೊಡುತ್ತಾರೆ. ಪತ್ರಿಕೆಯ ತಲೆಬರಹದಲ್ಲಿ ಬರುವ ದೊಡ್ಡ ಮೊತ್ತ ಸಂಜ್ಞೇಯ ಅಪರಾಧಗಳದು. ಇನ್ನು 'ಕಳೆದುಹೋಗಿದೆ' ಎಂಬ ಅರ್ಜಿ ಅಪರಾಧವೇ ಅಲ್ಲ. ಯಾರೂ ತಪ್ಪು ಮಾಡಿಲ್ಲ, ವಸ್ತು ತಾನಾಗಿ ಕಾಣೆಯಾಗಿದೆ ಎಂದು ಅದರರ್ಥ.

ಇನ್ನೊಂದು ನಿಯಮವೂ ಇದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುತ್ತಾರೆ. ಮನೆಗೆ ನುಗ್ಗಿ, ಒಡವೆ ದೋಚಿ, ಕೊಲೆ ಮಾಡಿದ್ದರೆ ಅದು 'ಕೊಲೆ' ಎಂಬ ಸಾಲಿನಲ್ಲಿ ಒಂದು. ಕಳ್ಳತನದ ಸಾಲಿನಲ್ಲಿ ಅದು ಕಾಣುವುದಿಲ್ಲ.

ಎಷ್ಟು ಎಂಬುದಕ್ಕಿಂತ ಎಷ್ಟು ಜನಕ್ಕೆ ಎಷ್ಟು

ಇನ್ನು ಮಾಮು ಕಳಿಸಿದ ಸುದ್ದಿಗೆ ಬರೋಣ. ಅದು ಸುಳ್ಳಲ್ಲ. 2023ರ ವರದಿಯ ಪ್ರಕಾರ ಕರ್ನಾಟಕದಲ್ಲಿ 21,889 ಸೈಬರ್ ಪ್ರಕರಣ ದಾಖಲಾಗಿವೆ. ತೆಲಂಗಾಣದಲ್ಲಿ 18,236. ಉತ್ತರ ಪ್ರದೇಶದಲ್ಲಿ ಸುಮಾರು 10,800. ಎಣಿಕೆಯಲ್ಲಿ ನಾವೇ ಮೊದಲು.

ಆದರೆ ದೊಡ್ಡ ರಾಜ್ಯವನ್ನೂ ಚಿಕ್ಕ ರಾಜ್ಯವನ್ನೂ ಬರಿ ಎಣಿಕೆಯಿಂದ ಹೋಲಿಸಲಾಗದು. ಅದಕ್ಕೇ ಅಪರಾಧ ದರ ಎಂಬ ಲೆಕ್ಕ ಇರುವುದು. ಸೂತ್ರ ಸರಳ: ಪ್ರಕರಣಗಳ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ 1,00,000ದಿಂದ ಗುಣಿಸಬೇಕು. ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ ಎಂದು ತಿಳಿಯುತ್ತದೆ. ನಮ್ಮ ತುಮಕೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 26,78,980, ಸುಮಾರು 27 ಲಕ್ಷ. ಜಿಲ್ಲೆಯಲ್ಲಿ ಯಾವುದೋ ಒಂದು ಬಗೆಯ 270 ಪ್ರಕರಣ ಆದವು ಎಂದು ಸುಮ್ಮನೆ ಊಹಿಸಿಕೊಂಡರೆ, ದರ 10.

ಈಗ ಅದನ್ನೇ ರಾಜ್ಯಗಳಿಗೆ ಹಾಕಿ ನೋಡಿ. 2023ಕ್ಕೆ ಕರ್ನಾಟಕದ ಅಂದಾಜು ಜನಸಂಖ್ಯೆ ಸುಮಾರು 6.77 ಕೋಟಿ, ತೆಲಂಗಾಣದ್ದು ಸುಮಾರು 3.8 ಕೋಟಿ. ಭಾಗಿಸಿದರೆ ಕರ್ನಾಟಕದ ಸೈಬರ್ ಅಪರಾಧ ದರ ಸುಮಾರು 32, ತೆಲಂಗಾಣದ್ದು ಸುಮಾರು 48. ಎಣಿಕೆಯಲ್ಲಿ ಮೊದಲಿದ್ದ ನಾವು ದರದಲ್ಲಿ ಹಿಂದೆ ಸರಿದೆವು. ಅಂಕಿ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು.

ಉತ್ತರ ಪ್ರದೇಶದ ದರ ಇದೇ ಲೆಕ್ಕದಲ್ಲಿ 5ಕ್ಕಿಂತ ಕಡಿಮೆ ಬರುತ್ತದೆ. ಅಲ್ಲಿ 23 ಕೋಟಿಗೂ ಹೆಚ್ಚು ಜನ. ಹಾಗಾದರೆ ಅಲ್ಲಿನವರಿಗೆ ಒಟಿಪಿ ಕೇಳುವ ಫೋನ್ ಬರುವುದೇ ಇಲ್ಲವೇ? ನಂಬುವುದು ಕಷ್ಟ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೈಬರ್ ವಂಚನೆ, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತುಗಳಿಗೆಂದೇ 'ಸೆನ್' ಠಾಣೆಗಳಿವೆ, ತುಮಕೂರಿನಲ್ಲೂ ಇದೆ. ದೂರು ಕೊಡಲು ಬಾಗಿಲು ಇದ್ದ ಕಡೆ ದೂರು ಹೆಚ್ಚು ಬರುತ್ತದೆ. ಸಾಕ್ಷರತೆಯಲ್ಲಿ ಮುಂದಿರುವ ಕೇರಳ ಒಟ್ಟು ಅಪರಾಧ ದರದ ಪಟ್ಟಿಯಲ್ಲಿ ಪದೇ ಪದೇ ಮೇಲೆ ಕಾಣುವುದನ್ನು ನೋಡುವಾಗಲೂ ಇದನ್ನು ನೆನಪಿಡಬೇಕು.

ದರದ ಲೆಕ್ಕದಲ್ಲೂ ಒಂದು ಬಿರುಕಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಹಾಗಾಗಿ ಭಾಗಿಸುವ ಜನಸಂಖ್ಯೆ 2011ರ ಆಧಾರದ ಮೇಲೆ ಮಾಡಿದ ಅಂದಾಜು. ಜೊತೆಗೆ, ಊರಿನಲ್ಲಿ ಇರುವವರು ಮಾತ್ರ ಜನಸಂಖ್ಯೆಯಲ್ಲಿ ಸೇರುತ್ತಾರೆ, ಬಂದು ಹೋಗುವವರಲ್ಲ. ನಮ್ಮ ಶಿರಾ ಗೇಟ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಶಿರಾ ಕಡೆಯ ಬಸ್ಸು, ಲಾರಿ, ಕುಣಿಗಲ್ಲಿನಿಂದ, ಗುಬ್ಬಿಯಿಂದ ಓದಲು ಬರುವ ನಾವು. ನಮ್ಮಲ್ಲಿ ಒಬ್ಬರ ಪರ್ಸ್ ಇಲ್ಲಿ ಹೋದರೆ ಅದು ತುಮಕೂರು ನಗರದ ಅಪರಾಧ. ಆದರೆ ನಾವು ತುಮಕೂರು ನಗರದ ಜನಸಂಖ್ಯೆಯಲ್ಲಿ ಇಲ್ಲ.

ಶೇಕಡಾವಾರು ಕೇಳಿದಾಗಲೂ ಎಚ್ಚರ ಬೇಕು. ಒಂದು ತಾಲ್ಲೂಕಿನಲ್ಲಿ ಹೋದ ವರ್ಷ ಒಂದು ಕೊಲೆ, ಈ ವರ್ಷ ಎರಡು ಎಂದುಕೊಳ್ಳಿ. "ಕೊಲೆ ಶೇ 100ರಷ್ಟು ಏರಿಕೆ" ಎಂದು ಬರೆದರೆ ಲೆಕ್ಕ ಸರಿ, ಓದಿದವರಿಗೆ ಆಗುವ ಭಯ ತಪ್ಪು.

ಎಲ್ಲರೂ ಮನೆಯಲ್ಲಿದ್ದ ವರ್ಷ ಅಪರಾಧ ಏರಿತು!

ನಾನು ಹುಡುಕುವಾಗ ನನ್ನನ್ನು ತುಂಬಾ ಬೆರಗುಗೊಳಿಸಿದ್ದು 2020ರ ಅಂಕಿ. ಲಾಕ್‌ಡೌನ್ ವರ್ಷ. ಬಸ್ಸಿಲ್ಲ, ಸಂತೆಯಿಲ್ಲ, ಬೀದಿಯಲ್ಲಿ ಜನರಿಲ್ಲ. ಆ ವರ್ಷ ದೇಶದಲ್ಲಿ ದಾಖಲಾದ ಸಂಜ್ಞೇಯ ಅಪರಾಧಗಳು 51,56,158ರಿಂದ 66,01,285ಕ್ಕೆ ಏರಿದವು. ಶೇ 28ರಷ್ಟು ಏರಿಕೆ. ಅಪರಾಧ ದರ 385.5ರಿಂದ 487.8ಕ್ಕೆ ಹೋಯಿತು.

ಕಾರಣ ಕೋಷ್ಟಕದ ಒಳಗೇ ಇದೆ. ಸರ್ಕಾರಿ ಅಧಿಕಾರಿಯ ಆದೇಶ ಮೀರಿದವರ ಮೇಲೆ ಆಗ ಐಪಿಸಿ 188ನೇ ಕಲಂ ಹಾಕುತ್ತಿದ್ದರು. 2019ರಲ್ಲಿ ಅಂಥ ಪ್ರಕರಣ 29,469. 2020ರಲ್ಲಿ 6,12,179. ಕರ್ಫ್ಯೂ ಹೊತ್ತಿನಲ್ಲಿ ಹೊರಗೆ ಬಂದದ್ದು, ಅಂಗಡಿ ತೆರೆದದ್ದು ಎಲ್ಲವೂ ಇದರಲ್ಲಿ ಸೇರಿದವು. ಇತರ ಕಾನೂನುಗಳ ಅಡಿಯೂ ಇಂಥ ಪ್ರಕರಣಗಳು ಹೆಚ್ಚಿದವು. ಅದೇ ವರ್ಷ ಕಳ್ಳತನದ ಪ್ರಕರಣಗಳು ಇಳಿದಿದ್ದವು. ಕೊಲೆ ಪ್ರಕರಣಗಳು ಶೇ 1ರಷ್ಟು ಮಾತ್ರ ಏರಿ 29,193 ಆಗಿದ್ದವು.

ಮೊತ್ತ ಮಾತ್ರ ನೋಡಿದವರು "ದೇಶ ಹಾಳಾಯಿತು" ಎಂದರು. ಸಾಲು ಸಾಲಾಗಿ ನೋಡಿದವರಿಗೆ ಬೇರೆ ಕಥೆ ಕಂಡಿತು. ಅಬ್ಬಾಗೆ ಇದನ್ನು ಹೇಳಿದಾಗ ಅವರು ನಕ್ಕು, "ಒಟ್ಟು ಮೊತ್ತ ನೋಡಿ ಯಾವ ಸಾಹುಕಾರನೂ ಲೆಕ್ಕ ಒಪ್ಪುವುದಿಲ್ಲ, ಬಾಬ್ತು ಕೇಳ್ತಾನೆ" ಎಂದರು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಕೆಲವು ಅಪರಾಧಗಳನ್ನು ನೊಂದವರು ಠಾಣೆಗೆ ತರುತ್ತಾರೆ: ಕಳ್ಳತನ, ಹಲ್ಲೆ, ವಂಚನೆ. ಕೆಲವನ್ನು ಪೊಲೀಸರೇ ಹುಡುಕಿಕೊಂಡು ಹೋಗುತ್ತಾರೆ: ಮಟ್ಕಾ, ಇಸ್ಪೀಟು, ಗಾಂಜಾ, ಅಕ್ರಮ ಮದ್ಯ. ಎರಡನೆಯ ಬಗೆಯಲ್ಲಿ ಪ್ರಕರಣ ಹೆಚ್ಚಾಯಿತು ಎಂದರೆ ದಾಳಿ ಹೆಚ್ಚಾಯಿತು ಎಂದೂ ಇರಬಹುದು. ಗುಜರಾತಿನಲ್ಲಿ ಪಾನನಿಷೇಧ ಇರುವುದರಿಂದ ಅಲ್ಲಿನ ಪಟ್ಟಿಯಲ್ಲಿ ಆ ಕಾಯ್ದೆಯ ಪ್ರಕರಣಗಳೇ ರಾಶಿ. ನಮ್ಮಲ್ಲಿ ಪರವಾನಗಿ ಅಂಗಡಿಯಲ್ಲಿ ಮಾರುವ ಅದೇ ಬಾಟಲಿ ಅಲ್ಲಿ ಅಪರಾಧ.

ನಿಯಮ ಬದಲಾದಾಗಲೂ ಅಂಕಿ ಜಿಗಿಯುತ್ತದೆ. ಮಗು ಕಾಣೆಯಾದರೆ ಅಪಹರಣ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದ ತೀರ್ಪು ಬಂತು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇಂಥ ತೀರ್ಪುಗಳ ನಂತರ ಅಂಕಿ ಏರಿದರೆ ಅದು ಕೆಟ್ಟ ಸುದ್ದಿಯಲ್ಲ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲೆ ಹೆಚ್ಚುವುದು ಬೇರೆ ಎಂದು ಎನ್‌ಸಿಆರ್‌ಬಿಯೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಆ ಪುಟವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ.

ಬರೆಯದೇ ಉಳಿದ ಲೆಕ್ಕ

ಕೊಲೆಯ ಅಂಕಿಯನ್ನು ಸಾಮಾನ್ಯವಾಗಿ ಹೆಚ್ಚು ನಂಬುತ್ತಾರೆ. ಹೆಣವನ್ನು ಮುಚ್ಚಿಡುವುದು ಕಷ್ಟ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು, ದರ 2.1. ಬೇರೆ ಅಪರಾಧಗಳಿಗೆ ಈ ಮಾತು ಹೇಳಲಾಗದು.

ಮನೆಯೊಳಗಿನ ಹಿಂಸೆಯನ್ನೇ ತೆಗೆದುಕೊಳ್ಳಿ. ಇದಕ್ಕೆ ಪೊಲೀಸ್ ಲೆಕ್ಕವಲ್ಲದೆ ಇನ್ನೊಂದು ಲೆಕ್ಕ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೇ ಹೋಗಿ, ಒಬ್ಬಳನ್ನೇ ಕೂರಿಸಿ ಕೇಳುತ್ತಾರೆ. 2019–21ರ ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ನೂರಕ್ಕೆ 14 ಮಂದಿ ಮಾತ್ರ ಯಾರ ಬಳಿಯಾದರೂ ಸಹಾಯ ಕೇಳಿದ್ದರು. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ಠಾಣೆಗೆ ಹೋದವರು ತೀರಾ ಕಡಿಮೆ.

ಇದನ್ನು ಓದಿದ ದಿನ ನಾನು ಪೆನ್ನು ಕೆಳಗಿಟ್ಟೆ. ನಮ್ಮ ಬೀದಿಯಲ್ಲಿ ಹತ್ತು ಮನೆ ಇದ್ದರೆ ಅದರಲ್ಲಿ ನಾಲ್ಕು ಎಂದು ಎಣಿಸಿಕೊಂಡು ಹೋದರೆ ಯಾರ ಮುಖ ನೆನಪಾಗುತ್ತದೋ ಎಂದು ಹೆದರಿಕೆಯಾಯಿತು. ಆ ಯಾವ ಮನೆಯೂ ಅಪರಾಧದ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಪಟ್ಟಿಯಲ್ಲಿ ನಮ್ಮ ಬೀದಿ ಶಾಂತ.

ಒಂದು ದಿನ ಬಿಡುವಿನ ತರಗತಿಯಲ್ಲಿ ಮೇಡಂ ಕೇಳಿದರು: ಫೋನ್, ಪರ್ಸ್, ಸೈಕಲ್ ಕಳುವಾದವರು ಅಥವಾ ಯುಪಿಐನಲ್ಲಿ ಮೋಸ ಹೋದವರು ನಿಮ್ಮ ಮನೆಯಲ್ಲಿದ್ದರೆ ಕೈ ಎತ್ತಿ. ತುಂಬಾ ಕೈ ಮೇಲೆದ್ದವು. ಎಫ್‌ಐಆರ್ ಆದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ ಎಂದರು. ಬಹುತೇಕ ಕೈಗಳು ಇಳಿದವು. ನನ್ನದೂ ಇಳಿಯಿತು. "ಇಳಿದ ಕೈಗಳೇ ನೀವು ಕಾಣದ ಕೋಷ್ಟಕ" ಎಂದು ಮೇಡಂ ಹೇಳಿದರು.

ಠಾಣೆಯಿಂದ ತೀರ್ಪಿನವರೆಗೆ

ಎಫ್‌ಐಆರ್ ಆದ ಮೇಲೆ ಏನು? ತನಿಖೆ ಮುಗಿದಾಗ ಸಾಕ್ಷ್ಯ ಸಿಕ್ಕಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಚಾರ್ಜ್‌ಶೀಟ್ ಸಲ್ಲಿಸುತ್ತಾರೆ. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದ್ದು ಎಂದು ಕಂಡರೆ 'ಬಿ' ರಿಪೋರ್ಟ್. ಅಪರಾಧ ನಡೆದದ್ದು ನಿಜ, ಆದರೆ ಮಾಡಿದವರು ಪತ್ತೆಯಾಗಲಿಲ್ಲ ಎಂದಾದರೆ 'ಸಿ' ರಿಪೋರ್ಟ್. ಈ ಬಿ, ಸಿ ಅಕ್ಷರಗಳನ್ನು ಪತ್ರಿಕೆಯಲ್ಲಿ ಓದಿದ್ದೇವೆ, ಅರ್ಥ ಗೊತ್ತಿರಲಿಲ್ಲ.

ಆಮೇಲೆ ಶಿಕ್ಷೆಯ ಪ್ರಮಾಣ. "ಶಿಕ್ಷೆಯ ಪ್ರಮಾಣ ಶೇ 50" ಎಂದು ಓದಿದರೆ ನೂರು ಅಪರಾಧಿಗಳಲ್ಲಿ ಐವತ್ತು ಮಂದಿಗೆ ಶಿಕ್ಷೆಯಾಯಿತು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಆ ವರ್ಷ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಶಿಕ್ಷೆಯಾದವು ಎಷ್ಟು ಎಂಬುದು ಆ ಲೆಕ್ಕ. ಒಂದು ಕಲ್ಪಿತ ಉದಾಹರಣೆ ನೋಡಿ:

ದಾಖಲಾದ ಪ್ರಕರಣ 100.
ಚಾರ್ಜ್‌ಶೀಟ್ ಆದದ್ದು 70.
ವಿಚಾರಣೆ ಮುಗಿದದ್ದು 10.
ಶಿಕ್ಷೆಯಾದದ್ದು 5.

ಶಿಕ್ಷೆಯ ಪ್ರಮಾಣ 10ರಲ್ಲಿ 5, ಅಂದರೆ ಶೇ 50. ಆದರೆ ದೂರು ಕೊಟ್ಟ ನೂರು ಮಂದಿಯಲ್ಲಿ ತೀರ್ಪು ಕಂಡವರು ಹತ್ತೇ ಮಂದಿ. ಮಿಕ್ಕ ಅರವತ್ತು ಚಾರ್ಜ್‌ಶೀಟ್ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಸಾಗುತ್ತವೆ. ಉದಾಹರಣೆ ಕಲ್ಪಿತವಾದರೂ ಬಾಕಿಯ ಚಿತ್ರ ಕಲ್ಪಿತವಲ್ಲ. ಐಪಿಸಿ ಪ್ರಕರಣಗಳಲ್ಲಿ ವರ್ಷದ ಕೊನೆಗೆ ನ್ಯಾಯಾಲಯಗಳಲ್ಲಿ ಬಾಕಿ ಉಳಿಯುವವು ನೂರಕ್ಕೆ ಸುಮಾರು 90 ಎಂದು ಎನ್‌ಸಿಆರ್‌ಬಿ ವರದಿಗಳೇ ತೋರಿಸುತ್ತವೆ.

ಬಾಕಿಯ ಬೆಲೆ ಕಟ್ಟುವವರು ಎರಡೂ ಕಡೆ ಇದ್ದಾರೆ. ದೂರು ಕೊಟ್ಟವರು ಕಾಯುತ್ತಾರೆ, ಆರೋಪ ಹೊತ್ತವರೂ ಕಾಯುತ್ತಾರೆ. ಎನ್‌ಸಿಆರ್‌ಬಿ ಜೈಲುಗಳ ಬಗ್ಗೆಯೂ ಪ್ರತ್ಯೇಕ ವರದಿ ತರುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಆರೋಪ ಇನ್ನೂ ಸಾಬೀತಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ವಿಷಯ ಹೇಳಲೇಬೇಕು, ನಮ್ಮಲ್ಲಿ ಹಲವರಿಗೆ ಇಂಥ ಫಾರ್ವರ್ಡ್ ಬಂದಿರುತ್ತದೆ. "ಇಂಥ ಸಮುದಾಯದವರೇ ಹೆಚ್ಚು ಅಪರಾಧ ಮಾಡುತ್ತಾರೆ, ಸರ್ಕಾರದ ಅಂಕಿ ನೋಡಿ" ಎನ್ನುವವು. 'ಕ್ರೈಮ್ ಇನ್ ಇಂಡಿಯಾ' ವರದಿ ಯಾವ ಧರ್ಮದವರು ಎಷ್ಟು ಅಪರಾಧ ಮಾಡಿದರು ಎಂದು ಎಣಿಸುವುದಿಲ್ಲ. ಧರ್ಮ, ಜಾತಿ, ವಿದ್ಯಾಭ್ಯಾಸದ ಕೋಷ್ಟಕ ಇರುವುದು ಜೈಲಿನ ವರದಿಯಲ್ಲಿ. ಜೈಲಿನಲ್ಲಿರುವವರಲ್ಲಿ ನಾಲ್ವರಿಗೆ ಮೂವರು ವಿಚಾರಣಾಧೀನರು ಎಂದು ಈಗಷ್ಟೇ ನೋಡಿದೆವು. ಆ ಕೋಷ್ಟಕ ಹೇಳುವುದು ಯಾರು ಬಂಧನಕ್ಕೆ ಒಳಗಾದರು, ಯಾರಿಗೆ ಜಾಮೀನು ಸಿಗಲಿಲ್ಲ, ಯಾರಿಗೆ ವಕೀಲರಿಗೆ ಕೊಡಲು ಹಣವಿರಲಿಲ್ಲ ಎಂಬುದನ್ನೂ ಸೇರಿಸಿಕೊಂಡೇ. ಮುಸ್ಲಿಮರ ಬಗ್ಗೆ ಬರಲಿ, ದಲಿತರ ಬಗ್ಗೆ ಬರಲಿ, ಬೇರೆ ರಾಜ್ಯದಿಂದ ದುಡಿಯಲು ಬಂದವರ ಬಗ್ಗೆ ಬರಲಿ, ಇಂಥ ಫಾರ್ವರ್ಡ್ ಬಂದಾಗ ಸಿಟ್ಟಾಗುವ ಮೊದಲು "ಇದು ಯಾವ ವರದಿ, ಯಾವ ಕೋಷ್ಟಕ?" ಎಂದು ಕೇಳಿ. ನಾವೂ ಇನ್ನೊಬ್ಬರ ಬಗ್ಗೆ ಅಂಥದ್ದನ್ನು ಮುಂದೆ ಕಳಿಸುವ ಮೊದಲು ಅದೇ ಪ್ರಶ್ನೆಯನ್ನು ನಮಗೆ ಕೇಳಿಕೊಳ್ಳೋಣ.

ಕಾನೂನೇ ಬದಲಾದಾಗ

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಐಪಿಸಿಯಲ್ಲಿ 511 ಕಲಂಗಳಿದ್ದವು, ಇದರಲ್ಲಿ 358. ಕೊಲೆಯ 302 ಈಗ 103. ಮೋಸಕ್ಕೆ ಅಡ್ಡಹೆಸರೇ ಆಗಿದ್ದ 420 ಈಗ 318(4). ಹೆಸರು ಮಾತ್ರ ಬದಲಾಗಿದ್ದರೆ ಚಿಂತೆಯಿರಲಿಲ್ಲ. ಸರ ಕಿತ್ತುಕೊಂಡು ಓಡುವುದು ಮೊದಲು ಕಳ್ಳತನದಲ್ಲೋ ಸುಲಿಗೆಯಲ್ಲೋ ಸೇರುತ್ತಿತ್ತು. ಈಗ ಕಿತ್ತುಕೊಳ್ಳುವುದಕ್ಕೇ 304ನೇ ಕಲಂ ಇದೆ. ₹5,000ಕ್ಕಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವರು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ, ಅದನ್ನು ಅಸಂಜ್ಞೇಯ ಎಂದಿದ್ದಾರೆ.

ಹಾಗಾಗಿ ಮುಂದಿನ ವರ್ಷಗಳ ವರದಿಯಲ್ಲಿ "ಕಳ್ಳತನ ಇಳಿಕೆ" ಎಂದು ಓದಿದರೆ ತಕ್ಷಣ ಸಂತೋಷ ಪಡಬೇಡಿ. ಒಂದಷ್ಟು ಪ್ರಕರಣ ಪಕ್ಕದ ಸಾಲಿಗೆ ಹೋಗಿರಬಹುದು. ಅಳತೆಗೋಲು ಬದಲಾದ ವರ್ಷದ ಹಿಂದಿನದನ್ನೂ ಮುಂದಿನದನ್ನೂ ಜೋಡಿಸುವಾಗ ಹುಷಾರಾಗಿರಬೇಕು.

ವರದಿ ಬರುವ ಹೊತ್ತನ್ನೂ ಗಮನಿಸಿ. 2023ರ ವರದಿ ಹೊರಬಂದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ಮಾಮು "ಈಗಿನ ಪರಿಸ್ಥಿತಿ" ಎಂದು ಕಳಿಸಿದ್ದು ಎರಡು ವರ್ಷ ಹಳೆಯ ಲೆಕ್ಕ.

ನೆನಪಿಡಬೇಕಾದ ಐದು ಪ್ರಶ್ನೆಗಳು

ಅಪರಾಧದ ಸುದ್ದಿ ಓದುವಾಗ ಇವನ್ನು ಕೇಳಿ:

1. ಇದು ಎಣಿಕೆಯೋ, ದರವೋ? ದರವಾದರೆ ಯಾವ ಜನಸಂಖ್ಯೆಗೆ?
2. ಒಟ್ಟು ಮೊತ್ತವೋ, ಒಂದು ಬಗೆಯ ಅಪರಾಧವೋ? ಯಾವ ಸಾಲು ಏರಿದೆ?
3. ದೂರು ತಂದವರು ನೊಂದವರೋ, ಹುಡುಕಿದವರು ಪೊಲೀಸರೋ?
4. ನಡುವೆ ಕಾನೂನು ಅಥವಾ ಎಣಿಸುವ ನಿಯಮ ಬದಲಾಗಿದೆಯೇ?
5. ಇದು ದೂರಿನ ಲೆಕ್ಕವೋ, ಬಂಧನದ್ದೋ, ಶಿಕ್ಷೆಯದ್ದೋ? ಯಾವ ವರ್ಷದ್ದು?

ಮತ್ತೆ ಅಬ್ಬಾರ ಫೋನ್

ಅಬ್ಬಾರ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: "ನಿಮ್ಮ ಫೋನ್ ಈ ವರದಿಯಲ್ಲಿಲ್ಲ, ಇದು 2023ರದ್ದು. ನಿಮ್ಮ ಫೋನ್ ಹೋದ ವರ್ಷದ ವರದಿ ಬಂದಾಗ ಅದರಲ್ಲೂ ಇರುವುದಿಲ್ಲ. ನಾವು ಕಳುವಾಯಿತು ಎಂದು ಬರೆಯಲಿಲ್ಲ, ಕಳೆದುಹೋಯಿತು ಎಂದು ಬರೆದೆವು."

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಗದು ಪುಸ್ತಕದಲ್ಲಿ ಬರೆಯದಿದ್ದರೆ ವ್ಯಾಪಾರವೇ ಆಗಿಲ್ಲ ಅಂತ ಅರ್ಥ" ಎಂದರು. "ಹಾಗಾದರೆ ಆ ಬಸ್ಸಿನಲ್ಲಿ ಯಾವ ಕಳ್ಳನೂ ಇಲ್ಲ."

ಅಷ್ಟೇ ವಿಷಯ. ಎಲ್ಲಿ ಗಸ್ತು ಬೇಕು, ಎಲ್ಲಿ ಕ್ಯಾಮೆರಾ ಬೇಕು, ಎಷ್ಟು ಸಿಬ್ಬಂದಿ ಬೇಕು ಎಂದು ಮೇಲಿನವರು ತೀರ್ಮಾನಿಸುವಾಗ ಅವರ ಮುಂದೆ ಇರುವುದು ದಾಖಲಾದ ಲೆಕ್ಕ. ನಾವು ಕೈ ಇಳಿಸಿದಷ್ಟೂ ನಮ್ಮ ದಾರಿ, ನಮ್ಮ ಬಸ್ಸು, ನಮ್ಮ ಬೀದಿ ಕಾಗದದಲ್ಲಿ ಸುರಕ್ಷಿತವಾಗಿ ಕಾಣುತ್ತದೆ.

ನಮ್ಮ ಹಕ್ಕು ನಮಗೆ ಗೊತ್ತಿರಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ದೂರನ್ನು ಬಾಯಿಮಾತಿನಲ್ಲೂ ಕೊಡಬಹುದು, ಠಾಣೆಯವರು ಬರೆದುಕೊಳ್ಳಬೇಕು. ಘಟನೆ ನಡೆದ ಜಾಗ ಬೇರೆ ಠಾಣೆಯ ವ್ಯಾಪ್ತಿಯದ್ದಾದರೂ ಕೊಡಬಹುದು. ಮೊಬೈಲ್, ಕಂಪ್ಯೂಟರ್ ಮೂಲಕವೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಆನ್‌ಲೈನ್ ಹಣದ ಮೋಸವಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು. ಇನ್ನೊಂದು ಮಾತು: ಸುಳ್ಳು ದೂರೂ ಲೆಕ್ಕವನ್ನು ಕೆಡಿಸುತ್ತದೆ, ಒಬ್ಬರ ಬದುಕನ್ನೂ ಕೆಡಿಸುತ್ತದೆ.

ಹೋದ ತಿಂಗಳು ಅಬ್ಬಾ ಅಂಗಡಿಯಿಂದ ಅರ್ಧ ದಿನ ರಜೆ ಹಾಕಿದರು. ಕೊಯ್ದ ಚೀಲವನ್ನು ಅಮ್ಮಿ ಹೊಲಿಯದೆ ಹಾಗೇ ಇಟ್ಟಿದ್ದರು. ಅದನ್ನೂ, ಫೋನಿನ ಬಿಲ್ಲನ್ನೂ ತೆಗೆದುಕೊಂಡು ಮತ್ತೆ ಹೋದೆವು. ತಡವಾಗಿ ಬಂದದ್ದು ಏಕೆ ಎಂದು ಕೇಳಿದರು, ಇದ್ದದ್ದನ್ನು ಹೇಳಿದೆವು. ಈ ಬಾರಿ ಅಬ್ಬಾ ತಮ್ಮ ಲೆಕ್ಕದ ಅಕ್ಷರದಲ್ಲಿ, ಗುಂಡಗೆ, 'ಕಳುವಾಗಿದೆ' ಎಂದು ಬರೆದರು. ಎಫ್‌ಐಆರ್ ಆಯಿತು, ಒಂದು ಸಂಖ್ಯೆ ಸಿಕ್ಕಿತು.

ಫೋನ್ ಇನ್ನೂ ಸಿಕ್ಕಿಲ್ಲ. ಕೊನೆಗೆ 'ಸಿ' ರಿಪೋರ್ಟ್ ಆದರೂ ಆಗಬಹುದು. ಆದರೆ ಈ ವರ್ಷದ ವರದಿ ಎರಡು ವರ್ಷ ಬಿಟ್ಟು ಬಂದಾಗ, ಕರ್ನಾಟಕ ಎಂಬ ಸಾಲಿನಲ್ಲಿ ಕಳ್ಳತನದ ಅಂಕಿ ಒಂದು ಹೆಚ್ಚಿರುತ್ತದೆ. ಆಗ ಮಾಮು "ರಾಜ್ಯ ಹಾಳಾಯ್ತು" ಎಂದು ಕಳಿಸಿದರೆ, ಆ ಒಂದು ನಮ್ಮದು ಎಂದು ನಾನು ಉತ್ತರ ಬರೆಯುತ್ತೇನೆ.

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ